ಮಗು ಎನ್‌ಐಸಿಯುನಲ್ಲಿದೆ (ನವಜಾತ ಶಿಶುಗಳ ತೀವ್ರ ನಿಗಾ ಘಟಕ), 'ಚೇತರಿಸಿಕೊಳ್ಳುತ್ತಿದೆ' ಅನ್ನುತ್ತಾರೆ, ನಂಬುವುದು ಹೇಗೆ?

ಪ್ರಶ್ನೆ: ಡಾಕ್ಟ್ರೇ, ನನ್ನ ಮಗಳು 30 ವಾರಕ್ಕೇ ಹುಟ್ಟಿದಳು. ಹುಟ್ಟಿದಾಗ 1,280 ಗ್ರಾಂ ಇದ್ದಳು. ಈಗ ಅವಳಿಗೆ 19 ದಿನ, ತೂಕ 1,340 ಗ್ರಾಂ. ಮೊದಲ ಎರಡು ದಿನ ವೆಂಟಿಲೇಟರ್, ಆಮೇಲೆ ಸಿಪ್ಯಾಪ್ (ಸ್ವಲ್ಪ ಒತ್ತಡದಲ್ಲಿ ಗಾಳಿ ಕೊಡುವ ಯಂತ್ರ). ಕಳೆದ ವಾರ ಅದನ್ನೂ ತೆಗೆದು ಮೂಗಿನ ಸಣ್ಣ ಟ್ಯೂಬಿನಲ್ಲಿ ಆಕ್ಸಿಜನ್ ಕೊಟ್ಟರು. ನಾವು ಖುಷಿಪಟ್ಟೆವು. ಮೂರು ದಿನದ ಹಿಂದೆ ಮತ್ತೆ ಸಿಪ್ಯಾಪ್ ಹಾಕಿದ್ದಾರೆ. ಹೊಟ್ಟೆ ಉಬ್ಬಿದೆ ಎಂದು ಒಂದು ದಿನ ಹಾಲು ನಿಲ್ಲಿಸಿ, ಸೋಂಕಿಗೆ ರಕ್ತ ಪರೀಕ್ಷೆ ಮಾಡಿಸಿದರು. ನಿನ್ನೆಯಿಂದ ಹಾಲು ಮತ್ತೆ ಶುರುವಾಗಿದೆ. ಕೇಳಿದಾಗಲೆಲ್ಲ 'ಚೇತರಿಸಿಕೊಳ್ಳುತ್ತಿದ್ದಾಳೆ' ಅನ್ನುತ್ತಾರೆ. ಇದು ಚೇತರಿಕೆಯಾ?

ನಾನು ದಿನವಿಡೀ ಮಾನಿಟರ್ ನೋಡುತ್ತಾ ಕೂರುತ್ತೇನೆ. ಮನೆಗೆ ಬಂದರೂ ಕಿವಿಯಲ್ಲಿ ಅಲಾರಂ. ಒಂದು ಸಲ ಅವಳ ಕಾಲು ಸವರಿದೆ, ಬೆಚ್ಚಿಬಿದ್ದಳು, ನಂಬರ್ ಇಳಿಯಿತು. ಅಂದಿನಿಂದ ಮುಟ್ಟಲು ಭಯ. ಸಿಸ್ಟರ್‌ಗಳೇ ಅವಳ ಅಮ್ಮಂದಿರು, ನಾನು ನೋಡಲು ಬಂದ ನೆಂಟಳು ಅನ್ನಿಸುತ್ತದೆ. ಹಾಲು ಕೂಡ ಕಡಿಮೆಯಾಗುತ್ತಿದೆ. ಹೇಳಲು ನಾಚಿಕೆ, ನನಗೆ ಅವಳ ಮೇಲೆ ಆ 'ಅಮ್ಮನ ಪ್ರೀತಿ' ಬಂದೇ ಇಲ್ಲ. ನನ್ನ ಗಂಡ ಕೆಲಸಕ್ಕೆ ಹೋಗುತ್ತಾರೆ, ಸಂಜೆ ತೂಕ ಎಷ್ಟು ಅಂತ ಕೇಳುತ್ತಾರೆ, ಅಷ್ಟೇ. ನನ್ನಲ್ಲೇ ಏನಾದರೂ ದೋಷವಿದೆಯಾ? ಇನ್ನೂ ಎಷ್ಟು ದಿನ?

ಉತ್ತರ: ನಿಮ್ಮ ಮಗಳನ್ನು ನಾನು ನೋಡಿಲ್ಲ. ಹಾಗಾಗಿ ಅವಳ ವಿಷಯದಲ್ಲಿ ಕೊನೆಯ ಮಾತು ಅವಳನ್ನು ನೋಡಿಕೊಳ್ಳುತ್ತಿರುವ ಡಾಕ್ಟರದ್ದೇ. ಆದರೆ ನೀವು ಬರೆದದ್ದನ್ನು ಓದಿದರೆ, ಹೌದು, ಇದು ಚೇತರಿಕೆಯೇ. 30 ವಾರಕ್ಕೆ ಹುಟ್ಟಿದ ಮಕ್ಕಳ ಮೂರನೇ ವಾರ ಬಹಳಷ್ಟು ಸಲ ಹೀಗೇ ಇರುತ್ತದೆ. ತೊಂದರೆ ಏನೆಂದರೆ, ನೀವು ಚೇತರಿಕೆಯನ್ನು ಅಳೆಯುತ್ತಿರುವುದು ಮಾನಿಟರ್ ಮೇಲಿನ ನಂಬರಿನಿಂದ. ಆ ನಂಬರ್ ಈ ಕ್ಷಣದ ಸುದ್ದಿ ಹೇಳುತ್ತದೆ. ಮಗು ಹುಷಾರಾಗುತ್ತಿದೆಯೋ ಇಲ್ಲವೋ ಅನ್ನುವುದು ಅದರಲ್ಲಿ ಕಾಣುವುದಿಲ್ಲ.

ನಾವು ಡಾಕ್ಟರುಗಳು ನೋಡುವುದೇ ಬೇರೆ. ಮಗುವಿಗೆ ಎಷ್ಟು ಸಹಾಯ ಬೇಕಾಗುತ್ತಿದೆ? ಹೋದ ವಾರ ಎಷ್ಟು ಬೇಕಾಗಿತ್ತು? ದಿನದಿಂದ ದಿನಕ್ಕೆ ಹೋಲಿಸುವುದಿಲ್ಲ, ವಾರದಿಂದ ವಾರಕ್ಕೆ ಹೋಲಿಸುತ್ತೇವೆ. ನಿಮಗೂ ಅದೇ ಲೆಕ್ಕ ಹೇಳಿಕೊಡುತ್ತೇನೆ.

ಮೊದಲು ಸಿಪ್ಯಾಪ್ ವಿಷಯ. ನಿಮಗೆ ತುಂಬ ಪೆಟ್ಟು ಕೊಟ್ಟಿರುವುದು ಅದೇ ಅಲ್ವಾ.

ನಮ್ಮ ಶ್ವಾಸಕೋಶದೊಳಗೆ ಕೋಟ್ಯಂತರ ಪುಟ್ಟ ಗಾಳಿ ಚೀಲಗಳಿವೆ. ಉಸಿರು ಬಿಟ್ಟಾಗ ಅವು ಪೂರ್ತಿ ಮುಚ್ಚಿಕೊಳ್ಳದಂತೆ ಸರ್ಫ್ಯಾಕ್ಟೆಂಟ್ ಎಂಬ ಜಿಡ್ಡಿನಂಥ ಪದಾರ್ಥ ಕಾಪಾಡುತ್ತದೆ. ಗರ್ಭದಲ್ಲಿ ಅದು ಸಾಕಷ್ಟು ತಯಾರಾಗುವುದು ಸುಮಾರು 34-35 ವಾರದ ಹೊತ್ತಿಗೆ. ಅದಕ್ಕೂ ಮೊದಲೇ ಹುಟ್ಟಿದ ಮಗುವಿನ ಗಾಳಿ ಚೀಲಗಳು ಪ್ರತಿ ಉಸಿರಿಗೂ ಮುಚ್ಚಿಕೊಳ್ಳಲು ನೋಡುತ್ತವೆ. ಪೂರ್ತಿ ಚಪ್ಪಟೆಯಾದ ಬಲೂನಿಗೆ ಮೊದಲ ಸಲ ಗಾಳಿ ಊದುವುದು ಎಷ್ಟು ಕಷ್ಟ ಗೊತ್ತಲ್ಲ, ಆ ಕಷ್ಟ ಅವಳಿಗೆ ಪ್ರತಿ ಉಸಿರಿಗೂ. ಸಿಪ್ಯಾಪ್ ಮಾಡುವುದು ಇಷ್ಟೇ: ಸ್ವಲ್ಪ ಒತ್ತಡದಲ್ಲಿ ಗಾಳಿ ಕೊಟ್ಟು ಆ ಚೀಲಗಳು ಪೂರ್ತಿ ಮುಚ್ಚದಂತೆ ನೋಡಿಕೊಳ್ಳುತ್ತದೆ. ಉಸಿರಾಡುವುದು ಮಗುವೇ.

1960ರ ದಶಕದ ತನಕ ಈ ಮಕ್ಕಳಿಗೆ ಕೊಡಲು ನಮ್ಮ ಬಳಿ ಹೆಚ್ಚೇನೂ ಇರಲಿಲ್ಲ. 1963ರಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿಯವರ ಮಗ ಪ್ಯಾಟ್ರಿಕ್ ನಿಮ್ಮ ಮಗಳಿಗಿಂತ ನಾಲ್ಕು ವಾರ ಜಾಸ್ತಿ ಬೆಳೆದು ಹುಟ್ಟಿದ್ದ. ತೂಕವೂ ಎರಡು ಕಿಲೋ ಹತ್ತಿರವಿತ್ತು. ಇದೇ ಉಸಿರಾಟದ ತೊಂದರೆಯಿಂದ ಎರಡು ದಿನವೂ ಉಳಿಯಲಿಲ್ಲ. ಸಿಪ್ಯಾಪ್ ಬಂದದ್ದು 1971ರಲ್ಲಿ. ಸರ್ಫ್ಯಾಕ್ಟೆಂಟನ್ನು ಹೊರಗಿನಿಂದ ಕೊಟ್ಟು ಗೆದ್ದದ್ದು 1980ರಲ್ಲಿ. ಇದನ್ನು ಹೆದರಿಸಲು ಹೇಳುತ್ತಿಲ್ಲ. ನಿಮ್ಮ ಮಗಳು ಎರಡೇ ದಿನಕ್ಕೆ ವೆಂಟಿಲೇಟರ್‌ನಿಂದ ಹೊರಬಂದಳು ಅನ್ನುವುದನ್ನು ನೀವು ಒಂದು ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನಾನು ಅಲ್ಲೇ ಸ್ವಲ್ಪ ಹೊತ್ತು ನಿಂತೆ.

ಮತ್ತೆ ಸಿಪ್ಯಾಪ್ ಹಾಕಿದ್ದು ಯಾಕಿರಬಹುದು? ಕಾರಣಗಳು ಹಲವು. ಉಸಿರಾಡುವ ಸ್ನಾಯುಗಳು ಸುಸ್ತಾಗಿರಬಹುದು. ಸೋಂಕಿನ ಅನುಮಾನ ಬಂದಿರಬಹುದು, ನಿಮ್ಮ ಮಗಳಲ್ಲಿ ಅದೇ ಇರುವಂತಿದೆ. ದಿನ ತುಂಬದ ಮಕ್ಕಳಲ್ಲಿ ಈ ವಾರಗಳಲ್ಲಿ ಹಿಮೋಗ್ಲೋಬಿನ್ ಇಳಿಯುತ್ತದೆ, ಅದೂ ಸೇರಿರಬಹುದು. ಇಲ್ಲಿ ನೀವು ಗಮನಿಸಬೇಕಾದ ಒಂದು ಮಾತಿದೆ. ಮಗು ಕಷ್ಟಪಟ್ಟು ಉಸಿರಾಡುತ್ತಿದ್ದರೆ, ಬೆಳೆಯಲು ಹೋಗಬೇಕಾದ ಶಕ್ತಿಯೆಲ್ಲ ಉಸಿರಿಗೇ ಖರ್ಚಾಗುತ್ತದೆ. ಸಿಪ್ಯಾಪ್ ವಾಪಸ್ ಹಾಕಿದರೆ ಆ ಶಕ್ತಿ ಉಳಿಯುತ್ತದೆ. ಹಾಗಾಗಿ ಅದು ಶಿಕ್ಷೆಯೂ ಅಲ್ಲ, ಸೋಲೂ ಅಲ್ಲ. ನನ್ನನ್ನು ಕೇಳಿದರೆ, ಎರಡು ದಿನ ತಡವಾಗಿ ತೆಗೆಯುವ ಡಾಕ್ಟರ್ ಹಟಕ್ಕೆ ಬಿದ್ದು ಬೇಗ ತೆಗೆಯುವ ಡಾಕ್ಟರ್‌ಗಿಂತ ವಾಸಿ.

ಹೊಟ್ಟೆ ಉಬ್ಬಿದ್ದಕ್ಕೆ ಹಾಲು ನಿಲ್ಲಿಸಿದ್ದೂ ಹಾಗೇ. ದಿನ ತುಂಬದ ಮಕ್ಕಳ ಕರುಳು ಬಹಳ ನಾಜೂಕು. ಅದಕ್ಕೆ ಉರಿಯೂತ ಬಂದು ಹಾನಿಯಾಗುವ ಒಂದು ಕಾಯಿಲೆ ಇದೆ, ನಾವು ಅದನ್ನು ಎನ್‌ಇಸಿ ಅನ್ನುತ್ತೇವೆ. ಅದಕ್ಕೆ ನಾವೆಲ್ಲ ಹೆದರುತ್ತೇವೆ. ಹಾಗಾಗಿ ಹೊಟ್ಟೆ ಸ್ವಲ್ಪ ಉಬ್ಬಿದರೂ ಹಾಲು ನಿಲ್ಲಿಸಿ, ಎಕ್ಸ್‌ರೇ ತೆಗೆದು, ಕಾದು ನೋಡುವುದುಂಟು. ಎಷ್ಟೋ ಸಲ ಅದು ಸಿಪ್ಯಾಪ್‌ನ ಗಾಳಿಯೇ ಹೊಟ್ಟೆಗೆ ಹೋಗಿ ಉಬ್ಬಿದ್ದಾಗಿರುತ್ತದೆ. ಒಂದೇ ದಿನಕ್ಕೆ ಹಾಲು ಮತ್ತೆ ಶುರು ಮಾಡಿದ್ದಾರೆ ಅಂದರೆ ಆ ಹೆದರಿಕೆ ಹೆಚ್ಚು ಕಡಿಮೆ ದೂರವಾಗಿದೆ ಅಂತ. ಸೋಂಕಿನ ರಕ್ತ ಪರೀಕ್ಷೆಯಲ್ಲಿ ರೋಗಾಣು ಬೆಳೆಯುತ್ತದೋ ಇಲ್ಲವೋ ಎಂದು ನೋಡಲು ಸಾಮಾನ್ಯವಾಗಿ 36ರಿಂದ 48 ಗಂಟೆ ಬೇಕು. ಮೂರು ದಿನ ಕಳೆದಿದೆ. 'ಕಲ್ಚರ್ ರಿಪೋರ್ಟ್ ಏನು ಬಂತು, ಆ್ಯಂಟಿಬಯಾಟಿಕ್ ಯಾವಾಗ ನಿಲ್ಲಿಸುತ್ತೀರಿ' ಎಂದು ನಾಳೆಯೇ ಕೇಳಿ. ಕೇಳುವ ಹಕ್ಕು ನಿಮಗಿದೆ.

ಈಗ ಮಾನಿಟರ್. ನಿಮ್ಮ ಕಣ್ಣು ಅಂಟಿರುವುದು ಆಕ್ಸಿಜನ್ ಸ್ಯಾಚುರೇಷನ್ ತೋರಿಸುವ ನಂಬರಿಗೆ ಅಂದುಕೊಳ್ಳುತ್ತೇನೆ. ಎಲ್ಲ ಪೋಷಕರೂ ನೋಡುವುದು ಅದನ್ನೇ. ಕಾಲಿಗೋ ಕೈಗೋ ಸುತ್ತಿರುವ ಪಟ್ಟಿಯೊಳಗಿಂದ ಬೆಳಕು ಹಾಯಿಸಿ, ರಕ್ತದಲ್ಲಿ ಎಷ್ಟು ಆಕ್ಸಿಜನ್ ಇದೆ ಎಂದು ಅದು ಅಂದಾಜು ಮಾಡುತ್ತದೆ. ಮಗು ಕಾಲು ಆಡಿಸಿದರೆ, ಪಟ್ಟಿ ಸಡಿಲವಾದರೆ, ಕಾಲು ತಣ್ಣಗಿದ್ದರೆ ಅಂದಾಜು ತಪ್ಪುತ್ತದೆ. ಅಲಾರಂ ಹೊಡೆಯುತ್ತದೆ. ಅಲಾರಂ ಆದಾಗ ಅನುಭವಿ ಸಿಸ್ಟರ್ ಮೊದಲು ಎಲ್ಲಿ ನೋಡುತ್ತಾರೆ ಎಂದು ಗಮನಿಸಿ. ಮಗುವಿನ ತುಟಿ, ಮೈಬಣ್ಣ, ಎದೆಯ ಏರಿಳಿತ ನೋಡುತ್ತಾರೆ. ಮಾನಿಟರಿನ ಕಡೆ ತಿರುಗುವುದು ಆಮೇಲೆ. ನೀವೂ ಅದೇ ಕ್ರಮ ಕಲಿಯಿರಿ. ತುಟಿ ಕೆಂಪಗಿದೆ, ಎದೆ ಏರಿಳಿಯುತ್ತಿದೆ, ಮೈ ಆಡಿಸುತ್ತಿದ್ದಾಳೆ ಅಂದರೆ ಹೆಚ್ಚಾಗಿ ಪಟ್ಟಿಯದೇ ಕಿತಾಪತಿ.

ಇನ್ನೊಂದು ಸಂಗತಿ ಬಹಳ ಪೋಷಕರಿಗೆ ಗೊತ್ತಿರುವುದಿಲ್ಲ. ಆಕ್ಸಿಜನ್ ಪಡೆಯುತ್ತಿರುವ ಇಂಥ ಮಕ್ಕಳಲ್ಲಿ ಆ ನಂಬರ್ 100 ಇರಬೇಕೆಂದು ನಾವು ಬಯಸುವುದೇ ಇಲ್ಲ. ಸಾಮಾನ್ಯವಾಗಿ 90ರಿಂದ 95ರ ನಡುವೆ ಇಡುತ್ತೇವೆ. 95 ದಾಟಿದರೂ ಅಲಾರಂ ಹೊಡೆಯುವಂತೆ ಇಟ್ಟಿರುತ್ತೇವೆ. 1940-50ರ ದಶಕಗಳಲ್ಲಿ ದಿನ ತುಂಬದ ಮಕ್ಕಳಿಗೆ ಧಾರಾಳವಾಗಿ ಆಕ್ಸಿಜನ್ ಕೊಟ್ಟರು, ಸಾವಿರಾರು ಮಕ್ಕಳ ಕಣ್ಣು ಹೋಯಿತು. ಜಾಸ್ತಿ ಆಕ್ಸಿಜನ್ ಬೆಳೆಯುತ್ತಿರುವ ಕಣ್ಣಿನ ರಕ್ತನಾಳಗಳನ್ನು ಕೆಡಿಸುತ್ತದೆ ಅನ್ನುವುದು ಆಮೇಲೆ ಗೊತ್ತಾಯಿತು. ಅಂದಮೇಲೆ, 91 ಎಂದು ಕಂಡಾಗ ಎದೆ ಒಡೆದುಕೊಳ್ಳಬೇಡಿ. ಅದು ನಾವೇ ಬೇಕೆಂದು ಇಟ್ಟ ಜಾಗ.

ನಿಜವಾದ ಉಸಿರಿನ ನಿಲುಗಡೆಗಳೂ ಆಗುತ್ತವೆ, ಅದನ್ನು ಮುಚ್ಚಿಡುವುದಿಲ್ಲ. ಉಸಿರಾಡು ಎಂದು ಹೇಳುವ ಮೆದುಳಿನ ಭಾಗ ಇನ್ನೂ ಬಲಿತಿಲ್ಲ. ಹಾಗಾಗಿ ಮಗು ಮರೆತಂತೆ ಉಸಿರು ನಿಲ್ಲಿಸುತ್ತದೆ. 20 ಸೆಕೆಂಡಿಗಿಂತ ಹೆಚ್ಚು ನಿಂತರೆ, ಅಥವಾ ಕಡಿಮೆ ಹೊತ್ತೇ ನಿಂತರೂ ಎದೆಬಡಿತ ಇಳಿದರೆ ನಾವು ಅದನ್ನು ಆಪ್ನಿಯಾ ಎಂದು ಬರೆದುಕೊಳ್ಳುತ್ತೇವೆ. ಬಹುಶಃ ನಿಮ್ಮ ಮಗಳಿಗೆ ಕೆಫೀನ್ ಕೊಡುತ್ತಿರಬಹುದು. ಕಾಫಿಯಲ್ಲಿ ಇರುವ ಅದೇ ಕೆಫೀನ್. ಅದು ಮೆದುಳಿನ ಆ ಭಾಗವನ್ನು ಎಚ್ಚರವಾಗಿಡುತ್ತದೆ. ಹೆಚ್ಚಿನ ಮಕ್ಕಳಲ್ಲಿ ಈ ತೊಂದರೆ ಗರ್ಭದ ಲೆಕ್ಕದಲ್ಲಿ 36-37 ವಾರದ ಹೊತ್ತಿಗೆ ತಾನಾಗಿ ಹೋಗುತ್ತದೆ.

ಹಾಗಾದರೆ ಏನನ್ನು ನೋಡಬೇಕು? ಸಿಪ್ಯಾಪ್‌ನಲ್ಲಿ ಎಷ್ಟು ಪರ್ಸೆಂಟ್ ಆಕ್ಸಿಜನ್ ಕೊಡುತ್ತಿದ್ದಾರೆ ಎಂದು ಕೇಳಿ. ಮಾನಿಟರಿನ ನಂಬರಿಗಿಂತ ಇದು ನೂರು ಪಾಲು ಉಪಯೋಗದ ಪ್ರಶ್ನೆ. ನಾವು ಉಸಿರಾಡುವ ಗಾಳಿಯಲ್ಲಿ 21 ಪರ್ಸೆಂಟ್ ಇದೆ. ನಿಮ್ಮ ಮಗಳಿಗೆ 21ರಿಂದ 25ರ ಆಸುಪಾಸು ಸಾಕಾಗುತ್ತಿದ್ದರೆ, ಸಿಪ್ಯಾಪ್ ಇದ್ದರೂ ಅವಳ ಶ್ವಾಸಕೋಶ ಚೆನ್ನಾಗಿಯೇ ಕೆಲಸ ಮಾಡುತ್ತಿದೆ. ದಿನಕ್ಕೆ ಎಷ್ಟು ಸಲ ಉಸಿರು ನಿಂತಿತು ಅನ್ನುವುದಕ್ಕಿಂತ, ಎಷ್ಟು ಸಲ ತಾನೇ ಚೇತರಿಸಿಕೊಂಡಳು, ಎಷ್ಟು ಸಲ ಸಿಸ್ಟರ್ ಮುಟ್ಟಿ ಎಚ್ಚರಿಸಬೇಕಾಯಿತು ಎಂದು ಕೇಳಿ. ಮುಟ್ಟಬೇಕಾದ ಸಲ ವಾರದಿಂದ ವಾರಕ್ಕೆ ಕಡಿಮೆಯಾಗಬೇಕು. ಹಾಲು ಎಷ್ಟು ಎಂಎಲ್‌ಗೆ ಬಂತು ಎಂದು ಕೇಳಿ. ಪೂರ್ತಿ ಹಾಲಿಗೆ ಬಂದಾಗ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 150 ಎಂಎಲ್ ಅಥವಾ ಸ್ವಲ್ಪ ಜಾಸ್ತಿ. ನಿಮ್ಮ ಮಗಳ ಈಗಿನ ತೂಕಕ್ಕೆ 200 ಎಂಎಲ್ ಹತ್ತಿರ. ಅಲ್ಲಿಗೆ ಬಂದಾಗ ಡ್ರಿಪ್ ಸೂಜಿ ಹೋಗುತ್ತದೆ. ಸೂಜಿ ಹೋದ ದಿನವನ್ನು ಬರೆದಿಟ್ಟುಕೊಳ್ಳಿ, ಸೋಂಕಿನ ಒಂದು ದೊಡ್ಡ ದಾರಿ ಮುಚ್ಚಿದ ದಿನ ಅದು.

ತೂಕದ ವಿಷಯ ನಿಮ್ಮ ಯಜಮಾನರಿಗೂ ಓದಿ ಹೇಳಿ. ಹುಟ್ಟಿದ ಮೇಲೆ ಎಲ್ಲ ಮಕ್ಕಳೂ ಸ್ವಲ್ಪ ಇಳಿಯುತ್ತವೆ, ದಿನ ತುಂಬದ ಮಕ್ಕಳು ಇನ್ನೂ ಸ್ವಲ್ಪ ಜಾಸ್ತಿ. ಹುಟ್ಟಿದ ತೂಕಕ್ಕೆ ವಾಪಸ್ ಬರಲು ಹತ್ತು ಹದಿನಾಲ್ಕು ದಿನ ಬೇಕು. ನಿಮ್ಮ ಮಗಳು ಅದನ್ನು ದಾಟಿ 60 ಗ್ರಾಂ ಮುಂದಿದ್ದಾಳೆ. ಹಾಲು ನಿಲ್ಲಿಸಿದ ದಿನವನ್ನೂ ಲೆಕ್ಕಕ್ಕೆ ಹಿಡಿದರೆ ಇದು ಸರಿಯಾಗಿಯೇ ಇದೆ. ಇನ್ನು ಮುಂದೆ ದಿನಕ್ಕೆ 20ರಿಂದ 30 ಗ್ರಾಂ ಬಂದರೆ ನಮಗೆ ಸಮಾಧಾನ. ಆದರೆ ದಿನದಿನದ ತೂಕಕ್ಕೆ ಅರ್ಥ ಕಮ್ಮಿ. ಒಂದು ಒದ್ದೆ ಡೈಪರ್, ಒಂದು ಸಲದ ಹಾಲು, ಸೂಜಿಗೆ ಕಟ್ಟಿದ ಪಟ್ಟಿ, ಇಷ್ಟೇ ಸಾಕು ನಂಬರ್ ಹೆಚ್ಚು ಕಮ್ಮಿಯಾಗಲು. ವಾರಕ್ಕೊಮ್ಮೆ ಲೆಕ್ಕ ಹಾಕಿ. ಪಕ್ಕದ ಬೆಡ್ಡಿನ ಮಗುವಿನ ತೂಕವನ್ನಂತೂ ಕೇಳಲೇಬೇಡಿ. ಅದು 33 ವಾರಕ್ಕೆ ಹುಟ್ಟಿರುತ್ತದೆ, ನಿಮ್ಮ ಮಗಳ ಆಮೇಲೆ ಬಂದು ಮೊದಲೇ ಮನೆಗೆ ಹೋಗುತ್ತದೆ. ನೀವು ಸುಮ್ನೆ ಅಳುತ್ತೀರಿ.

ಮುಟ್ಟುವ ವಿಷಯಕ್ಕೆ ಬರೋಣ. ಪತ್ರದಲ್ಲಿ ನನಗೆ ತುಂಬ ಬೇಸರವಾದ ಸಾಲು ಅದು.

ನೀವು ಸವರಿದಾಗ ಅವಳು ಬೆಚ್ಚಿದ್ದು ನೀವು ಬೇಡವೆಂದಲ್ಲ. ಅವಳ ಚರ್ಮ ತೆಳು, ನರಗಳು ಇನ್ನೂ ಬಲಿಯುತ್ತಿವೆ. ಮೃದುವಾಗಿ ಸವರುವುದು ನಮಗೆ ಹಿತ, ಈ ವಯಸ್ಸಿನ ಮಗುವಿಗೆ ಅದು ಕಚಗುಳಿ, ಕಿರಿಕಿರಿ. ಅವಳಿಗೆ ಹಿತವಾಗುವುದು ಆಡಿಸದ ಕೈ. ಕೈ ಚೆನ್ನಾಗಿ ತೊಳೆದು, ಬೆಚ್ಚಗೆ ಮಾಡಿಕೊಂಡು, ಮೊದಲು ಮೆಲ್ಲಗೆ ಮಾತಾಡಿ. ಆಮೇಲೆ ಒಂದು ಅಂಗೈ ಅವಳ ತಲೆಗೆ, ಇನ್ನೊಂದು ಅಂಗೈ ಮಡಿಸಿದ ಕಾಲುಗಳಿಗೆ ಆನಿಸಿ ಹಾಗೇ ಇಡಿ. ಸವರಬೇಡಿ, ತಟ್ಟಬೇಡಿ. ಗರ್ಭದಲ್ಲಿ ಅವಳನ್ನು ಎಲ್ಲ ಕಡೆಯಿಂದ ಒತ್ತಿ ಹಿಡಿದಿದ್ದಂತೆ ಇದು ಹಿಡಿಯುತ್ತದೆ. ಒಂದೆರಡು ನಿಮಿಷದಲ್ಲಿ ಉಸಿರು ನಿಧಾನವಾಗುವುದು, ಬೆರಳುಗಳು ಸಡಿಲವಾಗುವುದು ನಿಮಗೇ ಕಾಣುತ್ತದೆ. ಬೆರಳು ಅಗಲಿಸಿ ಕೈ ಚಾಚಿದರೆ, ಮುಖ ಆ ಕಡೆ ತಿರುಗಿಸಿದರೆ, ಬಿಕ್ಕಳಿಸಿದರೆ, ಮೈಬಣ್ಣ ಬದಲಾದರೆ 'ಈಗ ಸಾಕು' ಎಂದು ಅರ್ಥ. ಕೈಯನ್ನು ಥಟ್ಟನೆ ತೆಗೆಯದೆ ನಿಧಾನವಾಗಿ ತೆಗೆಯಿರಿ. ರಕ್ತ ತೆಗೆಯುವಾಗ, ಸಕ್ಷನ್ ಮಾಡುವಾಗ (ಮೂಗು ಬಾಯಿಯ ಕಫ ಎಳೆದು ತೆಗೆಯುವಾಗ) ಹೀಗೆ ಹಿಡಿದುಕೊಳ್ಳಲು ನೀವು ಪಕ್ಕದಲ್ಲಿದ್ದರೆ ಅವಳ ನೋವು ಕಡಿಮೆಯಾಗುತ್ತದೆ. ಸಿಸ್ಟರ್‌ಗೂ ಸಹಾಯ.

ಇದಕ್ಕಿಂತ ದೊಡ್ಡದು ಕಾಂಗರೂ ಆರೈಕೆ. ನಿಮ್ಮ ಪತ್ರದಲ್ಲಿ ಇದರ ಮಾತೇ ಇಲ್ಲ. ಅದು ನನಗೆ ಆಶ್ಚರ್ಯ. ಮಗುವಿಗೆ ಡೈಪರ್, ಟೋಪಿ ಮಾತ್ರ ಹಾಕಿ ನಿಮ್ಮ ಬರಿಯ ಎದೆಯ ಮೇಲೆ ನೆಟ್ಟಗೆ ಮಲಗಿಸಿ, ಮೇಲೆ ಬಟ್ಟೆ ಸುತ್ತುವುದು. ಕೊಲಂಬಿಯಾದ ಬೊಗೊಟಾದಲ್ಲಿ 1970ರ ದಶಕದ ಕೊನೆಯಲ್ಲಿ ಇನ್‌ಕ್ಯುಬೇಟರ್‌ಗಳು ಸಾಲದೆ, ಎಡ್ಗರ್ ರೇ ಎಂಬ ಮಕ್ಕಳ ಡಾಕ್ಟರ್ ಇದನ್ನು ಶುರು ಮಾಡಿದರು. ಬಡತನದ ಉಪಾಯ ಎಂದು ಮೊದಮೊದಲು ಮೂಗು ಮುರಿದವರಿದ್ದರು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ದೊಡ್ಡ ಅಧ್ಯಯನ ಬಂತು. ಭಾರತ ಮತ್ತು ಆಫ್ರಿಕಾದ ನಾಲ್ಕು ದೇಶಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳು, ಎಲ್ಲರೂ 1 ಕಿಲೋದಿಂದ 1.8 ಕಿಲೋ ಒಳಗಿನವರು. ಹುಟ್ಟಿದ ಕೂಡಲೇ ಕಾಂಗರೂ ಆರೈಕೆ ಶುರು ಮಾಡಿದ ಗುಂಪಿನಲ್ಲಿ ಸಾವು ಕಾಲು ಭಾಗ ಕಡಿಮೆಯಾಗಿತ್ತು. ಅದೂ ಯಾವುದಕ್ಕೆ ಹೋಲಿಸಿ? ಮಗು ಸ್ಥಿರವಾಗಲಿ ಎಂದು ಕಾದು ಆಮೇಲೆ ಶುರು ಮಾಡಿದವರಿಗೆ ಹೋಲಿಸಿ. ಈಗ ಸಂಸ್ಥೆ ಹೇಳುವುದು ದಿನಕ್ಕೆ 8ರಿಂದ 24 ಗಂಟೆ, ಎಷ್ಟು ಜಾಸ್ತಿ ಆಗುತ್ತೋ ಅಷ್ಟು.

ಸಿಪ್ಯಾಪ್ ಇರುವಾಗಲೂ ಇದನ್ನು ಮಾಡಬಹುದು. 'ನಾನು ಇವತ್ತು ಕಾಂಗರೂ ಕೊಡಬಹುದಾ? ಆಗದಿದ್ದರೆ ಯಾಕೆ? ಯಾವಾಗ ಆಗುತ್ತದೆ?' ಈ ಮೂರು ಪ್ರಶ್ನೆ ನಾಳೆ ರೌಂಡ್ಸ್ ಹೊತ್ತಿಗೆ ಕೇಳಿ. ಸಾಧ್ಯವಾದರೆ ಒಂದು ಸಲ ಕೂತರೆ ಕನಿಷ್ಠ ಒಂದು ಗಂಟೆ ಕೂರಿ, ಯಾಕೆಂದರೆ ಎತ್ತಿ ಇಳಿಸುವುದೇ ಅವಳಿಗೆ ಆಯಾಸ. ನೀವು ಮೊದಲೇ ಊಟ ಮಾಡಿ, ಬಾತ್‌ರೂಮಿಗೆ ಹೋಗಿ ಬನ್ನಿ. ಅಪ್ಪನೂ ಕೊಡಬಹುದು, ಕೊಡಬೇಕು. ಸಂಜೆ ಕೆಲಸ ಮುಗಿಸಿ ಬಂದು, ಸ್ನಾನ ಮಾಡಿ, ತೂಕ ಕೇಳುವ ಬದಲು ಆ ತೂಕವನ್ನೇ ಎದೆಯ ಮೇಲೆ ಹೊರಲಿ.

ನಿಮ್ಮ ಹಾಲು ಕಡಿಮೆಯಾಗುತ್ತಿರುವುದಕ್ಕೂ ಇದಕ್ಕೂ ಸಂಬಂಧವಿದೆ. ಮಗು ಚೀಪದೆ ಬರೀ ಕೈಯಿಂದ ಅಥವಾ ಪಂಪಿನಿಂದ ಹಾಲು ತೆಗೆಯುವ ತಾಯಂದಿರಲ್ಲಿ ಎರಡು ಮೂರನೇ ವಾರಕ್ಕೆ ಹಾಲು ಇಳಿಯುವುದು ತೀರಾ ಸಾಮಾನ್ಯ. ದಿನಕ್ಕೆ ಎಂಟು ಸಲವಾದರೂ ತೆಗೆಯಿರಿ. ಅದರಲ್ಲಿ ಒಂದು ಸಲ ರಾತ್ರಿ ಇರಲಿ, ಹಾಲು ಹೆಚ್ಚಿಸುವ ಹಾರ್ಮೋನು ರಾತ್ರಿ ಜಾಸ್ತಿ. ಮಗುವನ್ನು ಎದೆಗೆ ಹಾಕಿಕೊಂಡ ಕೂಡಲೇ ತೆಗೆದರೆ ಎಷ್ಟೋ ಜನರಿಗೆ ಹಾಲು ಚೆನ್ನಾಗಿ ಬರುತ್ತದೆ. ನಿಮ್ಮ ಹಾಲು ಕೇವಲ ಆಹಾರವಲ್ಲ, ಮೇಲೆ ಹೇಳಿದ ಎನ್‌ಇಸಿ ಬರದಂತೆ ಕಾಯುವುದರಲ್ಲಿ ಎದೆಹಾಲಿಗೆ ಸಮನಾದದ್ದು ಇನ್ನೂ ಬಂದಿಲ್ಲ. ಹಾಗೆಂದು ಎಷ್ಟು ಬಂತು ಎಂದು ಬಾಟಲಿ ನೋಡಿ ಕೊರಗಬೇಡಿ. ಅವಳಿಗೆ ಈಗ ಬೇಕಿರುವುದು ದಿನಕ್ಕೆ 200 ಎಂಎಲ್. ನಿಮ್ಮದು ಸಾಲದೆ ಬಂದರೆ ದಾನಿಗಳ ಹಾಲೋ ಫಾರ್ಮುಲಾವೋ ಸೇರಿಸುತ್ತಾರೆ. ಅದು ತಾಯಿಯಾಗಿ ನಿಮ್ಮ ಮಾರ್ಕ್ಸ್ ಕಾರ್ಡ್ ಅಲ್ಲ.

ನೆಂಟಳು ಅನ್ನಿಸುತ್ತದೆ ಅಂದಿರಿ. ಇದರಲ್ಲಿ ನಿಮ್ಮ ತಪ್ಪಿಗಿಂತ ನಮ್ಮ ವ್ಯವಸ್ಥೆಯ ತಪ್ಪು ಜಾಸ್ತಿ. ಅಮ್ಮಂದಿರಿಗೂ 'ನೋಡುವ ಸಮಯ' ಎಂದು ಬೋರ್ಡ್ ಹಾಕಿರುವ ಎನ್‌ಐಸಿಯುಗಳು ಈಗಲೂ ಇವೆ. ತಂದೆತಾಯಿ ಮಗುವಿನ ದಿನನಿತ್ಯದ ಆರೈಕೆಯಲ್ಲಿ ಸೇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲೇ ಹೇಳಿದೆ. ಹಾಗಾಗಿ ಸಂಕೋಚ ಬಿಟ್ಟು ಕೆಲಸ ಕೇಳಿ ತೆಗೆದುಕೊಳ್ಳಿ. ಡೈಪರ್ ಬದಲಾಯಿಸುವುದು, ಜ್ವರ ನೋಡುವುದು, ಬಾಯಿ ಒರೆಸುವುದು, ಟ್ಯೂಬಿನಲ್ಲಿ ಹಾಲು ಹೋಗುವಾಗ ಸಿರಿಂಜ್ ಹಿಡಿಯುವುದು. ಮೊದಲ ಸಲ ಕೈ ನಡುಗುತ್ತದೆ. ಸಿಸ್ಟರ್ ಹತ್ತಿರ ನಿಂತು ಕಲಿಸಲಿ. ಅವರು ಎಂಟೋ ಹನ್ನೆರಡೋ ಗಂಟೆಗೆ ಬದಲಾಗುತ್ತಾರೆ, ಡಾಕ್ಟರುಗಳೂ ಬದಲಾಗುತ್ತಾರೆ. ಮೊದಲ ದಿನದಿಂದ ಬದಲಾಗದೆ ಇರುವುದು ನೀವೊಬ್ಬರು. 'ಇವಳು ಇವತ್ತು ಯಾಕೋ ಸಪ್ಪಗಿದ್ದಾಳೆ' ಎಂದು ಒಬ್ಬ ತಾಯಿ ಹೇಳಿದರೆ ನಾನು ಬಿಡುವು ಮಾಡಿಕೊಂಡು ಹೋಗಿ ನೋಡುತ್ತೇನೆ. ಮಾನಿಟರ್ ಹೇಳುವ ಮೊದಲೇ ತಾಯಂದಿರು ಹೇಳಿದ್ದುಂಟು.

ಈಗ ನೀವು ನಾಚಿಕೆಯೆಂದು ಬರೆದ ಮಾತು. ಪ್ರೀತಿ ಬಂದಿಲ್ಲ.

ಹೆರಿಗೆಯಾದ ಕೂಡಲೇ ಎದೆ ತುಂಬಿ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ದಿನ ತುಂಬಿ ಆರಾಮಾಗಿ ಹೆತ್ತವರಲ್ಲೂ ಎಷ್ಟೋ ಜನರಿಗೆ ಹಾಗಾಗುವುದಿಲ್ಲ, ಹೇಳಿಕೊಳ್ಳುವುದಿಲ್ಲ ಅಷ್ಟೇ. ನಿಮಗಂತೂ ಹತ್ತು ವಾರ ಮೊದಲೇ ಹೆರಿಗೆಯಾಗಿ, ಮಗುವನ್ನು ಸರಿಯಾಗಿ ನೋಡುವ ಮೊದಲೇ ತೆಗೆದುಕೊಂಡು ಹೋದರು. ಆಮೇಲೆ ಅವಳನ್ನು ನೀವು ನೋಡಿದ್ದು ಗಾಜಿನ ಆಚೆ, ಪ್ಲಾಸ್ಟರ್ ಟ್ಯೂಬುಗಳ ನಡುವೆ. ಕೈಬಿಟ್ಟು ಹೋಗಬಹುದು ಎಂಬ ಭಯ ಇರುವಲ್ಲಿ ಮನಸ್ಸು ತನ್ನನ್ನು ತಾನು ಕಾಪಾಡಿಕೊಳ್ಳಲು ಹಿಂದೆ ಸರಿದು ನಿಲ್ಲುತ್ತದೆ. ಪ್ರೀತಿ ಇಲ್ಲದವರು ದಿನವಿಡೀ ಮಾನಿಟರ್ ಮುಂದೆ ಕೂರುವುದಿಲ್ಲ, ತಾಯಿ. ಮುಟ್ಟುವುದು, ಹಿಡಿಯುವುದು, ಒರೆಸುವುದು, ಈ ಕೆಲಸಗಳನ್ನು ಮಾಡುತ್ತಾ ಮಾಡುತ್ತಾ ಪ್ರೀತಿ ಹಿಂದಿನಿಂದ ಬರುತ್ತದೆ. ಕೆಲವರಿಗೆ ಮಗು ಮನೆಗೆ ಬಂದು ತಿಂಗಳಾದ ಮೇಲೆ ಬರುತ್ತದೆ. ಅದರಿಂದ ಮಗುವಿಗೆ ಏನೂ ನಷ್ಟವಿಲ್ಲ.

ಆದರೆ ಒಂದು ಕಡೆ ಮಾತ್ರ ನಾನು ಸಮಾಧಾನ ಹೇಳಿ ಸುಮ್ಮನಾಗುವುದಿಲ್ಲ. ಹೆರಿಗೆಯಾದ ಮೊದಲೆರಡು ವಾರ ಕಾರಣವಿಲ್ಲದೆ ಅಳು ಬರುವುದು ಸಹಜ. ನಿಮಗೆ ಎರಡು ವಾರ ದಾಟಿದೆ. ಮಲಗಲು ಅವಕಾಶವಿದ್ದರೂ ನಿದ್ದೆ ಬರುತ್ತಿಲ್ಲವಾ? ಅಲಾರಂ ಶಬ್ದ ಕೇಳಿಸಿ ಎದ್ದು ಕೂರುತ್ತೀರಾ? ಹೆರಿಗೆ ದಿನದ ದೃಶ್ಯಗಳು ಬೇಡವೆಂದರೂ ಕಣ್ಣ ಮುಂದೆ ಬರುತ್ತವಾ? ಯಾವುದೂ ಬೇಡ ಅನ್ನಿಸುತ್ತದಾ? ಹೌದಾದರೆ ನಿಮ್ಮ ಹೆರಿಗೆ ಡಾಕ್ಟರಿಗೋ ಎನ್‌ಐಸಿಯು ಡಾಕ್ಟರಿಗೋ ಈ ವಾರವೇ ಹೇಳಿ. ಎನ್‌ಐಸಿಯುನಲ್ಲಿ ಮಗು ಇರುವ ತಂದೆತಾಯಿಯರಲ್ಲಿ ಖಿನ್ನತೆ, ಆತಂಕ ಉಳಿದವರಿಗಿಂತ ಜಾಸ್ತಿ. ಅದನ್ನು ಗುರುತಿಸಲು ಹತ್ತು ಪ್ರಶ್ನೆಗಳ ಒಂದು ಪಟ್ಟಿ ಇದೆ, 1987ರಿಂದ ಬಳಕೆಯಲ್ಲಿದೆ, ಐದು ನಿಮಿಷದ ಕೆಲಸ. ಚಿಕಿತ್ಸೆ ಇದೆ, ಹಾಲುಣಿಸುವಾಗಲೂ ಕೊಡಬಹುದಾದ ಔಷಧಿಗಳಿವೆ. ಬದುಕುವುದೇ ಬೇಡ ಅಥವಾ ಮಗುವಿಗೆ ಏನಾದರೂ ಮಾಡಿಬಿಡುತ್ತೇನೆ ಅನ್ನಿಸಿದರೆ ಒಂದು ಗಂಟೆಯೂ ಕಾಯಬೇಡಿ. ಪಕ್ಕದಲ್ಲಿರುವವರಿಗೆ ಹೇಳಿ, ಆ ಕ್ಷಣವೇ ಆಸ್ಪತ್ರೆಗೆ ಹೋಗಿ.

ನಿಮ್ಮ ಯಜಮಾನರ ಬಗ್ಗೆ ನೀವು ಸ್ವಲ್ಪ ಸಿಟ್ಟಿನಲ್ಲೇ ಬರೆದಿದ್ದೀರಿ. ಇರಲಿ. ಆದರೆ ಗಂಡಸರು ಬಹಳ ಜನ ನಂಬರನ್ನು ಹಿಡಿದುಕೊಂಡು ದಿನ ನೂಕುತ್ತಾರೆ. ಮನೆಯಲ್ಲಿ ಇಬ್ಬರೂ ಒಟ್ಟಿಗೆ ಕುಸಿಯಬಾರದು ಎಂದು ಗಟ್ಟಿಯಾಗಿರುವಂತೆ ನಟಿಸುತ್ತಾರೆ. ಮಗು ಮನೆಗೆ ಬಂದು ಎಲ್ಲ ಸರಿಹೋದ ಮೇಲೆ ಅವರು ಕುಸಿಯುವುದನ್ನು ನಾನು ನೋಡುತ್ತಿರುತ್ತೇನೆ. ಅವರಿಗೂ ಅದೇ ಹತ್ತು ಪ್ರಶ್ನೆ ಕೇಳಬೇಕು. ಬಂಧುಗಳ ಫೋನುಗಳಿಗೆ ಉತ್ತರಿಸುವ ಕೆಲಸವನ್ನು ಅವರಿಗೆ ಒಪ್ಪಿಸಿಬಿಡಿ. 'ಮಗು ಹೇಗಿದೆ' ಎಂದು ದಿನಕ್ಕೆ ಹತ್ತು ಜನಕ್ಕೆ ಹೇಳುವುದು ಬಾಣಂತಿಯ ಕೆಲಸವಲ್ಲ.

ಇನ್ನೂ ಎಷ್ಟು ದಿನ ಎಂದು ಕೇಳಿದ್ದೀರಿ. ದಿನಾಂಕ ಹೇಳುವ ಡಾಕ್ಟರನ್ನು ನಂಬಬೇಡಿ. ಹೆರಿಗೆಗೆ ಮೊದಲು ಕೊಟ್ಟಿದ್ದ ದಿನಾಂಕವನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. 30 ವಾರಕ್ಕೆ ಹುಟ್ಟಿದ ಮಕ್ಕಳು ಹೆಚ್ಚಾಗಿ ಅದಕ್ಕಿಂತ ಎರಡರಿಂದ ನಾಲ್ಕು ವಾರ ಮೊದಲು ಮನೆಗೆ ಹೋಗುತ್ತಾರೆ. ಸ್ವಲ್ಪ ಆಚೆ ಈಚೆ ಆಗಬಹುದು. ಅವಳು ಇನ್‌ಕ್ಯುಬೇಟರ್ ಇಲ್ಲದೆ ಮೈ ಬೆಚ್ಚಗಿಟ್ಟುಕೊಳ್ಳಬೇಕು, ಪೂರ್ತಿ ಹಾಲು ಬಾಯಿಂದಲೇ ಕುಡಿಯಬೇಕು, ತೂಕ ಏರುತ್ತಿರಬೇಕು, ಕೆಲವು ದಿನ ಒಂದೂ ಆಪ್ನಿಯಾ ಆಗಿರಬಾರದು. ಈ ಕೊನೆಯದಕ್ಕೆ ಸಾಮಾನ್ಯವಾಗಿ ಐದರಿಂದ ಏಳು ದಿನ ಕಾಯುತ್ತಾರೆ.

ಇದರಲ್ಲಿ ತಾಳ್ಮೆ ಕೆಡಿಸುವುದು ಹಾಲು ಕುಡಿಯುವುದನ್ನು ಕಲಿಯುವ ಹಂತ. ಚೀಪುವುದು, ನುಂಗುವುದು, ಉಸಿರಾಡುವುದು, ಈ ಮೂರನ್ನೂ ಸರಿಗೂಡಿಸಲು ಬರುವುದು ಸುಮಾರು 34 ವಾರಕ್ಕೆ. ನಿಮ್ಮ ಮಗಳಿಗೆ ಈಗ 32 ವಾರ ಮುಗಿದು ಸ್ವಲ್ಪ ದಿನ. ಇನ್ನು ಎರಡು ಮೂರು ವಾರದಲ್ಲಿ ಅವಳು ಉಸಿರಾಟಕ್ಕೆ ಏನೂ ಬೇಡದೆ ಆರಾಮಾಗಿ ಇರುತ್ತಾಳೆ, ಆದರೂ ಮನೆಗೆ ಕಳಿಸುವುದಿಲ್ಲ. ಒಂದು ಸಲ ಪೂರ್ತಿ ಕುಡಿಯುತ್ತಾಳೆ, ಮುಂದಿನ ಸಲ ನಡುವೆಯೇ ನಿದ್ದೆ ಹೋಗುತ್ತಾಳೆ, ಉಳಿದದ್ದು ಟ್ಯೂಬಿನಲ್ಲಿ. 'ಇಷ್ಟು ಚೆನ್ನಾಗಿದ್ದಾಳಲ್ಲ, ಇನ್ನೂ ಯಾಕೆ?' ಎಂದು ನೀವು ಜಗಳಕ್ಕೇ ಬರುತ್ತೀರಿ. ಆ ಜಗಳ ಬಂದರೆ ನಮಗೆ ಒಳಗೊಳಗೇ ಖುಷಿ.

ಡಿಸ್ಚಾರ್ಜ್‌ಗೆ ಮುಂಚೆ ಒಂದೆರಡು ರಾತ್ರಿ ಆಸ್ಪತ್ರೆಯಲ್ಲೇ ಮಗುವಿನ ಜೊತೆ ಒಂದೇ ಕೋಣೆಯಲ್ಲಿ ಇರಲು ಕೇಳಿ. ಮಾನಿಟರ್ ಇಲ್ಲದ ಮಗುವಿನ ಜೊತೆ ಮಲಗುವುದು ಮೊದಲ ಸಲ ಭಯವೇ. ಅಲ್ಲಿ ಕರೆದರೆ ಯಾರಾದರೂ ಬರುತ್ತಾರೆ. ಎನ್‌ಐಸಿಯುನಲ್ಲಿ ಅವಳನ್ನು ಬೋರಲಾಗಿ ಮಲಗಿಸುವುದನ್ನು ನೋಡಿರುತ್ತೀರಿ. ಅದು ಮಾನಿಟರ್ ಇರುವುದರಿಂದ. ಮನೆಯಲ್ಲಿ ನಿದ್ದೆಗೆ ಅಂಗಾತವೇ. ಲಸಿಕೆಗಳನ್ನು ಹುಟ್ಟಿದ ದಿನದಿಂದ ಎಣಿಸಿ ಕೊಡಿಸುತ್ತೇವೆ. ಆದರೆ ತಲೆ ನಿಲ್ಲುವುದು, ಕೂರುವುದು, ನಡೆಯುವುದನ್ನು ಎರಡು ವರ್ಷದವರೆಗೆ ಹೆರಿಗೆಗೆ ಕೊಟ್ಟಿದ್ದ ದಿನಾಂಕದಿಂದ ಎಣಿಸಬೇಕು. ಅಕ್ಕಪಕ್ಕದವರ ಹೋಲಿಕೆಯಿಂದ ಇದೊಂದೇ ನಿಮ್ಮನ್ನು ಕಾಪಾಡುತ್ತದೆ.

ಮತ್ತೆ ಕಣ್ಣು. ಆಕ್ಸಿಜನ್ ಮತ್ತು ಕಣ್ಣಿನ ವಿಷಯ ಹೇಳಿದೆನಲ್ಲ, ಅದಕ್ಕೆ ಎಲ್ಲ ದಿನ ತುಂಬದ ಸಣ್ಣ ಮಕ್ಕಳಿಗೂ ಆರ್‌ಒಪಿ (ಕಣ್ಣಿನ ರಕ್ತನಾಳಗಳು ಕೆಡುವ ಆ ಕಾಯಿಲೆ) ಪರೀಕ್ಷೆ ಮಾಡಬೇಕು. ಮೊದಲನೆಯದು ಹುಟ್ಟಿ ಸುಮಾರು ನಾಲ್ಕು ವಾರಕ್ಕೆ. ಅಂದರೆ ನಿಮ್ಮ ಮಗಳಿಗೆ ಮುಂದಿನ ವಾರದ ಕೊನೆಗೆ ಬರುತ್ತದೆ. ಕಣ್ಣಿನೊಳಗಿನ ರಕ್ತನಾಳಗಳು ಪೂರ್ತಿ ಬೆಳೆಯುವವರೆಗೂ ಇದನ್ನು ಮತ್ತೆ ಮತ್ತೆ ಮಾಡುತ್ತಾರೆ, ಮನೆಗೆ ಹೋದ ಮೇಲೂ. ಚಿಕಿತ್ಸೆ ಬೇಕಾದರೆ ಎರಡು ಮೂರು ದಿನದೊಳಗೆ ಆಗಬೇಕು, ತಡವಾದರೆ ಕಣ್ಣಿಗೆ ಅಪಾಯ. ಮನೆಗೆ ಹೋಗುವ ಸಂಭ್ರಮದಲ್ಲಿ ತಪ್ಪಿಹೋಗುವುದು ಹೆಚ್ಚಾಗಿ ಇದೇ. ಮೊದಲ ಪರೀಕ್ಷೆ ಯಾವ ದಿನ ಎಂದು ನಾಳೆ ಕೇಳಿ ಬರೆದುಕೊಳ್ಳಿ. ಆ ದಿನ ನೀವು ಅಲ್ಲಿರಿ. ಪರೀಕ್ಷೆ ಮಗುವಿಗೆ ಕಿರಿಕಿರಿ, ಆಮೇಲೆ ಸ್ವಲ್ಪ ಹೊತ್ತು ಅಲಾರಂ ಜಾಸ್ತಿ ಹೊಡೆಯಬಹುದು, ಅವಳನ್ನು ಎರಡೂ ಅಂಗೈಯಲ್ಲಿ ಹಿಡಿದುಕೊಳ್ಳಲು ಒಬ್ಬರು ಬೇಕು.